ಫೋಟೋ ಇಲ್ಲದ ಹಣಮವ್ವನ ಚಿತ್ರ

ಕೊರೊನಾ ಮುಗಿದು ಅಂಗಡಿಗಳು ಮತ್ತೆ ಬಾಗಿಲು ತೆರೆದ ಮರುವರ್ಷದ ಮಾತು. ಆಗ ನಾನು ಸುರಪುರದಲ್ಲಿ, ಬೆಟ್ಟದ ಬುಡದ ಓಣಿಯಲ್ಲಿ, ಹನ್ನೆರಡು ಅಡಿ ಉದ್ದ ಹತ್ತು ಅಡಿ ಅಗಲದ ಬಾಡಿಗೆ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದೆ. ಈಗಲೂ ಅಲ್ಲೇ ಬರೆಯುತ್ತೇನೆ. ಹುದ್ದೆ ಅಂತ ನನಗೆ ಯಾವತ್ತೂ ಇರಲಿಲ್ಲ, ಕಲಾಶಾಲೆಯ ಸರ್ಟಿಫಿಕೇಟೂ ಇಲ್ಲ. ಲಾರಿಗಳ ನಂಬರ್ ಪ್ಲೇಟಿನಿಂದ ಶುರು ಮಾಡಿ, ಅಂಗಡಿ ಬೋರ್ಡು, ಚುನಾವಣೆಯ ಗೋಡೆ ಬರಹ ಎಲ್ಲ ಮಾಡಿದವನು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವನ್ನು ನುಂಗಿದಾಗ, ಊರಿನ ಹಿರಿಯ ಕಲಾವಿದರೊಬ್ಬರ ಕಾಲ ಬಳಿ ಕೂತು ನಮ್ಮ ಸುರಪುರದ ಹಳೆಯ ಶೈಲಿಯ ಚಿನ್ನದ ರೇಕಿನ, ಅಂದರೆ ತೆಳು ತಗಡು ಅಂಟಿಸುವ, ಚಿತ್ರ ಕಲಿತೆ. ಜೊತೆಗೆ ತೀರಿಕೊಂಡವರ ಭಾವಚಿತ್ರದ ಕೆಲಸ ಹಿಡಿದೆ. ಈ ಎರಡರಿಂದಲೇ ನನ್ನ ಮನೆ ನಡೆದಿದೆ.

ಭಾವಚಿತ್ರಕ್ಕೆ ನನ್ನ ಷರತ್ತುಗಳು ಸರಳ. ಅರ್ಧ ಹಣ ಮುಂಗಡ. ಫೋಟೋ ಸ್ಪಷ್ಟವಾಗಿರಬೇಕು. ಒಪ್ಪಿ ಒಯ್ದ ಮೇಲೆ ಮೂಗು ಸರಿಯಿಲ್ಲ, ಕಿವಿ ಸರಿಯಿಲ್ಲ ಅಂತ ವಾಪಸ್ ತರುವಂತಿಲ್ಲ. ಸ್ವಂತ ಕೆಲಸ ಮಾಡುವ ಯಾರಿಗೇ ಆಗಲಿ ನಾನು ಹೇಳುವುದು ಇಷ್ಟೇ: ಷರತ್ತನ್ನು ಮೊದಲ ಚಹಾ ಮುಗಿಯುವುದರೊಳಗೆ ಹೇಳಿಬಿಡಿ. ಎರಡನೇ ಚಹಾ ಬಂತೆಂದರೆ ನೀವು ಸಂಬಂಧಿಕರಾಗಿಬಿಡುತ್ತೀರಿ, ಆಮೇಲೆ ಬಾಯಿ ಬರುವುದಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಮಹಾದೇವಿ ಅನ್ನುವವರು ಬಂದರು. ಶಹಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ತವರು ಶಿರವಾಳ. ವಯಸ್ಸು ನಲವತ್ತೈದರ ಆಸುಪಾಸು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ.

"ಪೇಂಟರ್ ಸಾಹೇಬ್ರ, ನಮ್ಮವ್ವಂದೊಂದು ಚಿತ್ರ ಆಗಬೇಕಿತ್ರಿ."

"ಆಗ್ತದ ಅಕ್ಕೋರ. ಫೋಟೋ ಕೊಡ್ರಿ."

"ಫೋಟೋ ಇಲ್ರಿ."

"ಆಧಾರ್ ಕಾರ್ಡ್ ಇದ್ರೂ ನಡೀತದ. ಅದರಾಗ ಯಾರೂ ತಮ್ಮಂಗ ತಾವು ಕಾಣಂಗಿಲ್ಲ, ಆದ್ರೂ ಮೂಗು ಎಲ್ಲಿ ಅದ ಅಂತ ಗೊತ್ತಾಗ್ತದ."

ಅವರು ನಗಲಿಲ್ಲ. "ಆಧಾರ್ ಬರೂಕಿಂತ ಎಷ್ಟೋ ಮೊದಲ ಹೋಗ್ಯಾಳ್ರಿ. ನಾ ಎರಡನೇ ಕ್ಲಾಸಿನ್ಯಾಗ ಇದ್ದೆ. ನನ್ನ ತಮ್ಮ ಇನ್ನಾ ಮೊಲಿ ಕುಡಿಯೂ ಕೂಸು."

ತಾಯಿಯ ಹೆಸರು ಹಣಮವ್ವ. ಹೊಲದ ಕೂಲಿ ಮಾಡಿದವಳು. ಜೀವಮಾನದಲ್ಲಿ ಒಂದು ಫೋಟೋಕ್ಕೂ ನಿಂತಿರಲಿಲ್ಲ. ತಂದೆಯದು ಒಂದು ಫೋಟೋ ಇತ್ತು. ಪ್ರತಿ ವರ್ಷ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ ಮಾಡುವಾಗ ಮಣೆಯ ಮೇಲೆ ತಂದೆಯ ಫೋಟೋ ಇಡುತ್ತಿದ್ದರು. ಪಕ್ಕದಲ್ಲಿ ತಾಯಿಯ ಹೆಸರಿನಲ್ಲಿ ನೀರು ತುಂಬಿದ ತಂಬಿಗೆ, ಅದಕ್ಕೆ ಸುತ್ತಿದ ಹೊಸ ಸೀರೆ.

"ಅಪ್ಪಗ ಫೋಟೋ, ಅವ್ವಗ ತಂಬಿಗಿ. ಇಷ್ಟ ವರ್ಷ ತಂಬಿಗಿಗೆ ಕೈ ಮುಗದೀನ್ರಿ. ಈಗ ಕಣ್ಣ ಮುಚ್ಚಿದ್ರೂ ತಂಬಿಗೀನ ಕಾಣ್ತದ, ಅವ್ವ ಕಾಣವಲ್ಲಳು."

ಬೇಡದ ಕೆಲಸಕ್ಕೆ ನಾನು ಆಗುವುದಿಲ್ಲ ಅನ್ನುವುದಿಲ್ಲ, ರೇಟು ಏರಿಸುತ್ತೇನೆ. ಗಿರಾಕಿ ತಾನಾಗಿ ಎದ್ದು ಹೋಗುತ್ತಾನೆ, ಮನಸ್ತಾಪವೂ ಇಲ್ಲ. ಅಂದೂ ದುಪ್ಪಟ್ಟು ಹೇಳಿದೆ. ಆಕೆ ಚೌಕಾಸಿ ಮಾಡಲೇ ಇಲ್ಲ, "ಆಗಲಿರಿ" ಅಂದರು. ಅನುಭವದಿಂದ ಹೇಳುತ್ತೇನೆ, ಚೌಕಾಸಿ ಮಾಡದೆ ಒಪ್ಪುವ ಗಿರಾಕಿಗೆ ಹೆದರಬೇಕು. ಅವರು ಕೊಳ್ಳಲು ಬಂದಿರುವುದು ನಿಮ್ಮ ಹತ್ತಿರ ಇಲ್ಲದ ಮಾಲು.

ಆಕೆಯದು ಒಂದೇ ಷರತ್ತು. "ನಮ್ಮ ಚಿಗವ್ವ ನೋಡಿ, ಹೌದು ಈಕಿ ನಮ್ಮಕ್ಕ ಅನಬೇಕ್ರಿ. ಅವ್ವನ ಮಾರಿ ಖಚಿತ ನೆನಪಿರೂದು ಆಕಿಗೊಬ್ಬಾಕಿಗೇ. ಆಕಿ ಕಣ್ಣ ಹೋಗಾಕತ್ತಾವ. ನರ ಒಣಗ್ಯಾವ, ಇನ್ನ ಕೆಲವು ತಿಂಗಳ ಅಂತ ಡಾಕ್ಟರ್ ಅಂದಾರ. ಈ ಮಹಾನವಮಿ ಅಮಾಸಿಯೊಳಗ ಆಗಬೇಕು."

ಚಿಗವ್ವ ಅಂದರೆ ಹಣಮವ್ವನ ತಂಗಿ ಯಲ್ಲವ್ವ. ಅಕ್ಕ ಸತ್ತ ಮೇಲೆ ಎರಡೂ ಮಕ್ಕಳನ್ನು ಸಾಕಿದವಳು. ಶಿರವಾಳದಲ್ಲಿ ಮಹಾದೇವಿಯವರ ತಮ್ಮ ಶರಣಪ್ಪನ ಮನೆಯಲ್ಲಿದ್ದಳು.

ಮರುವಾರ ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋದೆ. ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿದೆ. ಮಹಾದೇವಿ ಮುಖ ಉದ್ದ ಅಂದರು. ಚಿಗವ್ವ "ಎಲ್ಲಿ ಉದ್ದಬೇ, ದುಂಡಗಿತ್ತು" ಅಂದಳು. ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ ಇದ್ದದ್ದು ಮಾತ್ರ ಇಬ್ಬರಿಗೂ ಒಪ್ಪಿಗೆ. ಶರಣಪ್ಪನಿಗೆ ಏನೂ ಗೊತ್ತಿರಲಿಲ್ಲ. ಆತ ಬಾಗಿಲಿಗೆ ಒರಗಿ, ಬೇರೆಯವರ ಮನೆಯ ಮಾತು ಕೇಳುವವನ ಹಾಗೆ ಕೇಳುತ್ತಿದ್ದ.

ಹದಿನೆಂಟು ಇಂಚು, ಇಪ್ಪತ್ತನಾಲ್ಕು ಇಂಚಿನ ಕ್ಯಾನ್ವಾಸ್. ಅಕ್ರಿಲಿಕ್ ಬಣ್ಣ. ಹನ್ನೊಂದು ದಿನ ಕೂತು ಮುಗಿಸಿದೆ. ನನಗಂತೂ ಚೆನ್ನಾಗಿ ಬಂತು ಅನ್ನಿಸಿತು.

ಶಿರವಾಳಕ್ಕೆ ಒಯ್ದಾಗ ಚಿಗವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚೌಕಟ್ಟಿನ ಕೆಳಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

"ಯಾವೂರ ದೇವೀನ್ರಿ? ಛಲೋ ತಗದೀರಿ. ಶಾಂತ ಅದಾಳ." ಚಿತ್ರವನ್ನು ನನ್ನ ಕೈಗೆ ಕೊಡುತ್ತ ಕೇಳಿದಳು, "ನಮ್ಮಕ್ಕಂದು ಯಾವಾಗ ತರ್ತೀರಿ?"

ಇದು ಹೇಗಾಯಿತು ಅಂತ ಹೇಳಬೇಕು. ನಮ್ಮ ರೇಕಿನ ಚಿತ್ರದಲ್ಲಿ ದೇವಿಯ ಮುಖವನ್ನು ಪ್ರತಿಸಲ ಹೊಸದಾಗಿ ಬರೆಯುವುದಿಲ್ಲ. ಸೂಜಿಯಿಂದ ತೂತು ಮಾಡಿದ ಹಾಳೆಯೊಂದು ಇರುತ್ತದೆ. ಅದರ ಮೇಲೆ ಇದ್ದಿಲು ಪುಡಿಯ ಗಂಟು ಬಡಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಮುಖ ಮೂಡುತ್ತದೆ. ವರ್ಷಗಟ್ಟಲೆ ಆ ಚುಕ್ಕಿಗಳನ್ನು ಕೂಡಿಸಿದ ಕೈ ನನ್ನದು. ಎದುರಿಗೆ ಫೋಟೋ ಇದ್ದರೆ ಕೈ ಅದಕ್ಕೆ ಅಂಜುತ್ತದೆ. ಫೋಟೋ ಇಲ್ಲದಾಗ ತನಗೆ ಗೊತ್ತಿದ್ದ ಹಾದಿಯನ್ನೇ ಹಿಡಿಯಿತು. ಕೂಲಿ ಹೆಣ್ಣುಮಗಳಿಗೆ ನಾನು ಕಿರೀಟವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಕಿಬಿಟ್ಟಿದ್ದೆ. ಮಾಲು ವ್ಯರ್ಥ ಮಾಡುವ ಮನುಷ್ಯ ನಾನಲ್ಲ. ಆಮೇಲೆ ಹಚ್ಚೆ ಅಳಿಸಿ, ಕಿರೀಟವನ್ನೂ ಸೇರಿಸಿ, ಅದನ್ನು ದೇವಿಯೆಂದೇ ಮಾರಿದೆ.

ಎರಡನೇ ಸಲ ಜಾಣತನ ಮಾಡಿದೆ. ಶರಣಪ್ಪನ ಮಗಳು ಪಿಯುಸಿ ಓದುತ್ತಿದ್ದಳು. ಹುಡುಗಿ ಅಜ್ಜಿಯ ಹಾಗೇ ಇದ್ದಾಳೆ ಅಂತ ಚಿಗವ್ವ ಯಾವಾಗಲೂ ಹೇಳುತ್ತಿದ್ದಳಂತೆ. ಆ ಹುಡುಗಿಯ ಫೋಟೋ ತೆಗೆದುಕೊಂಡು, ಹದಿನೈದು ವರ್ಷ ವಯಸ್ಸು ಏರಿಸಿ, ಬಿಸಿಲು ಹಚ್ಚಿ, ಹಚ್ಚೆ ಇಟ್ಟು ಬರೆದೆ. ಒಯ್ದು ತೋರಿಸಿದಾಗ ಚಿಗವ್ವ "ಹತ್ರ ಹತ್ರ ಬಂತು" ಅಂದಳು. ಮಹಾದೇವಿಯವರ ಮುಖ ಅರಳಿತು. ನಾನು ಬಾಕಿ ಹಣದ ಮಾತು ತೆಗೆಯಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಶರಣಪ್ಪನ ಹೆಂಡತಿ ನಾಗಮ್ಮ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಹೊರಗೆ ಬಂದು ನಿಂತಳು. ಚಿತ್ರವನ್ನು ನೋಡಿದಳು. ಕೈಯ ಹಿಟ್ಟು ನೆಲಕ್ಕೆ ಉದುರುತ್ತಿತ್ತು.

"ಇದು ನನ್ನ ಮಗಳ ಮಾರಿ. ಇದಕ್ಕ ಮಾಲಿ ಹಾಕಿ ಊದಿನಕಡ್ಡಿ ಹಚ್ತೀರೇನು?"

ಬಾಕಿ ಹಣದ ಮಾತನ್ನು ನಾನು ಅಲ್ಲೇ ಬಿಟ್ಟೆ. ಜೀವಂತ ಮಗಳನ್ನು ಗೋಡೆಗೆ ಹಾಕಲು ಯಾವ ತಾಯಿ ಒಪ್ಪುತ್ತಾಳೆ?

"ಆಕಿ ಅನ್ನೂದೂ ಖರೇ ಅದ ಅಕ್ಕ" ಅಂದ ಶರಣಪ್ಪ. ನಾನು ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿದೆ. ಹೊರಡುವಾಗ ಚಿಗವ್ವ "ಲೈಟ್ ಹಚ್ರಿ, ಚಪ್ಪಲಿ ಕಾಣವಲ್ವು" ಅಂದಳು. ಅದು ನಡು ಮಧ್ಯಾಹ್ನ.

ಮಹಾದೇವಿ ಶಹಾಪುರದವರೆಗೆ ನನ್ನ ಜೊತೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತ ಕೂತೆವು. ಮುಂಗಡ ತಿರುಗಿ ಕೊಟ್ಟುಬಿಡಬೇಕು ಅಂತ ನಾನು ಮನಸ್ಸಿನಲ್ಲೇ ಸಿದ್ಧನಾಗಿದ್ದೆ. ಮುಂಗಡ ತಿರುಗಿ ಕೊಡುವುದು ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಅದಕ್ಕೇ ತಡ ಮಾಡುತ್ತ, ಅಭ್ಯಾಸಬಲದಿಂದ ಚೀಲದ ನೋಟ್‌ಬುಕ್ ತೆಗೆದು ಗೀಚತೊಡಗಿದೆ.

ಈ ನೋಟ್‌ಬುಕ್ಕಿನ ವಿಷಯ ಹೇಳಬೇಕು. ಕ್ಯಾನ್ವಾಸ್, ಬಣ್ಣ ತರಲು ಯಾದಗಿರಿಗೆ ಓಡಾಡುವಾಗ ಬಸ್ ಸ್ಟ್ಯಾಂಡುಗಳಲ್ಲಿ ಕಾಯುವುದೇ ನನ್ನ ಅರ್ಧ ಬದುಕು. ಹೊತ್ತು ಹೋಗಲಿ ಅಂತ ಕೂತವರನ್ನು ಪೆನ್ಸಿಲ್ಲಿನಲ್ಲಿ ಬರೆಯುವ ಹವ್ಯಾಸ ಹತ್ತಿತು. ಮೊದಲು ಮುಖ ಬರೆಯುತ್ತಿದ್ದೆ. ಕೆಲವರು ಹಾಳೆ ಹರಿದುಕೊಡು ಅನ್ನುತ್ತಿದ್ದರು, ಕೆಲವರು ಜಗಳಕ್ಕೆ ಬರುತ್ತಿದ್ದರು. ಅದಕ್ಕೆ ಹಿಂದೆ ಕೂತು ಬೆನ್ನು ಬರೆಯಲು ಶುರು ಮಾಡಿದೆ. ಬೆನ್ನಿಗೆ ಯಾರೂ ತಕರಾರು ಮಾಡುವುದಿಲ್ಲ. ಹೀಗೆ ಇಪ್ಪತ್ತಮೂರು ನೋಟ್‌ಬುಕ್ ತುಂಬಿದ್ದವು. ಒಂದು ಹಾಳೆಯೂ ಮಾರಾಟವಾಗಿಲ್ಲ. "ಮೂರೂ ತಾಲೂಕಿನ ಮಂದಿ ಬೆನ್ನ ಗೊತ್ತು ನಿಮಗ, ಮಾರಿ ಒಂದೂ ಗೊತ್ತಿಲ್ಲ" ಅಂತ ನನ್ನ ಹೆಂಡತಿ ಹಂಗಿಸುತ್ತಾಳೆ.

ಮಹಾದೇವಿ ನೋಟ್‌ಬುಕ್ ಕೇಳಿ ತೆಗೆದುಕೊಂಡು ಹಾಳೆ ತಿರುವಿದರು. "ಎಲ್ಲಾ ಬೆನ್ನ ಅವಲ್ರಿ" ಅಂದರು. ಆಮೇಲೆ ಒಂದು ಹಾಳೆಯಲ್ಲಿ ನಿಂತರು. ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ಸಿನ ಕಡೆ ಹೊರಟ ಯಾರೋ ಹೆಂಗಸು.

"ಹಿಂಗ ಕಾಣ್ತಿದ್ಲು."

"ಯಾರ್ರಿ?"

"ಅವ್ವ. ದಿನಾ ಆಕಿ ಹಿಂದ ಹೊಲಕ್ಕ ಹೋಗ್ತಿದ್ದೆ. ಬದುವಿನ ಮ್ಯಾಲ ಒಬ್ಬರ ಹಿಂದ ಒಬ್ಬರು. ನಾ ಆಕಿ ಮಾರಿ ನೋಡಿದ್ದಕಿಂತ ಬೆನ್ನ ನೋಡಿದ್ದ ಹೆಚ್ಚು."

ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ. ಯಾವ ಭುಜ ಇಳಿದಿತ್ತು ಅಂತ ಕೇಳಿದೆ. ಎಡಭುಜ ಅಂದರು, ತಡವರಿಸದೆ. ಸೀರೆ ಹೇಗೆ ಉಡುತ್ತಿದ್ದಳು, ಕುಪ್ಪಸದ ತೇಪೆ ಎಲ್ಲಿತ್ತು, ಹಿಮ್ಮಡಿ ಹೇಗಿತ್ತು. ಮುಖದ ಬಗ್ಗೆ ಒಂದು ಮಾತಿಗೂ ನಿಂತು ಯೋಚಿಸುತ್ತಿದ್ದವರು ಈಗ ನನ್ನ ಪ್ರಶ್ನೆ ಮುಗಿಯುವ ಮೊದಲೇ ಹೇಳುತ್ತಿದ್ದರು. ಬಲಗಾಲನ್ನು ಸ್ವಲ್ಪ ಒಳಗೆ ಹಾಕಿ ನಡೆಯುತ್ತಿದ್ದಳಂತೆ.

"ಎಡಗೈ ಹಿಂದ ಮಾಡ್ತಿದ್ಲು. ಎರಡು ಬಟ್ಟು ಹಿಂಗ ಅಲ್ಲಾಡಿಸ್ತಿದ್ಲು, ಹಿಡ್ಕೋ ಅಂತ. ತಿರುಗಿ ಮಾತ್ರ ನೋಡ್ತಿದ್ದಿಲ್ಲ."

"ಯಾಕ ತಿರುಗ್ತಿದ್ದಿಲ್ಲ?"

"ತಲಿ ಮ್ಯಾಲ ಬುಟ್ಟಿ ಇತ್ತಲ್ರಿ."

ಸುರಪುರದ ಎರಡು ಬಸ್ಸು ಹೋದವು. ನಾವು ಏಳಲಿಲ್ಲ.

ಈ ಚಿತ್ರಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಕಪ್ಪು ಹೊಲ, ಬದು, ಅದರ ಮೇಲೆ ಹೋಗುತ್ತಿರುವ ಹೆಂಗಸು, ಹಿಂದಕ್ಕೆ ಚಾಚಿದ ಎಡಗೈ. ಸೀರೆಯ ಅಂಚಿಗೆ ಬಂದಾಗ ನನ್ನ ಕೈ ತಾನಾಗಿ ಚಿನ್ನದ ರೇಕಿನ ಡಬ್ಬಿಗೆ ಹೋಯಿತು. ಡಬ್ಬಿ ಎತ್ತಿ ಮೇಲಿನ ಹಲಗೆಯ ಮೇಲಿಟ್ಟೆ. ಅಂಚಿಗೆ ಮಾಸಿದ ಕೆಂಪು ಸಾಕಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಶಿರವಾಳಕ್ಕೆ ಒಯ್ದೆ. ಶರಣಪ್ಪ ನೋಡಿದ ಕೂಡಲೇ ಬೇಸರಪಟ್ಟುಕೊಂಡ.

"ಅಕ್ಕ, ಮಂದಿ ಏನಂತಾರ? ಅವ್ವ ನಮಗ ಬೆನ್ನ ತೋರಿಸಿ ಹೊಂಟಂಗ ಅದ. ಕುಂಕುಮ ಎಲ್ಲಿ ಹಚ್ಚೂದು?"

ಅವನ ಮಾತು ತಪ್ಪಲ್ಲ. ಹಣೆಯೇ ಇಲ್ಲದ ಚಿತ್ರಕ್ಕೆ ಪೂಜೆ ಹೇಗೆ ಮಾಡುವುದು? ಮಹಾದೇವಿ ಚಿಗವ್ವನ ಕೈ ಹಿಡಿದು ಅಂಗಳದ ಬಿಸಿಲಿಗೆ ಕರೆದುಕೊಂಡು ಬಂದರು. ಆ ಹೊತ್ತಿಗೆ ನೇರ ಬಿಸಿಲು ಬೀಳದಿದ್ದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನಾನು ಚಿತ್ರವನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ಕೆಳಗಿನಿಂದ ನೋಡತೊಡಗಿದಳು, ಹಿಮ್ಮಡಿ, ಕಾಲು, ಸೊಂಟ, ಗೇಣು ಗೇಣಾಗಿ.

"ಬಲಗಾಲ ಒಳಗ ಹಾಕ್ಯಾಳ" ಅಂದಳು.

ಮತ್ತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಮ್ಮ ಯಾರ ಕಡೆಗೂ ತಿರುಗದೆ ಚಿತ್ರಕ್ಕೇ ಹೇಳಿದಳು:

"ಸಾವಕಾಶ ನಡಿ ಅಕ್ಕ. ನಾ ಹಿಂದ ಉಳೀತೀನಿ."

ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡರು. ಚಿಗವ್ವ ಕುಂಕುಮದ ಬಟ್ಟಲು ತರಿಸಿ, ತಡವರಿಸುತ್ತ, ಚಾಚಿದ ಕೈಯ ಎರಡು ಬೆರಳಿಗೆ ಹಚ್ಚಿದಳು. "ಇಲ್ಲಿ ಹಚ್ರಿ. ಕೈ ಕೊಟ್ಟಾಳಲ್ಲ."

ಶರಣಪ್ಪ ಇನ್ನೂ ದೂರವೇ ನಿಂತಿದ್ದ. "ಅಕ್ಕಗ ಕೈ ಕೊಟ್ಟಾಳ ಬಿಡ್ರಿ. ನಾ ಇದರಾಗ ಎಲ್ಲಿ ಅದೀನಿ?" ಅಂದ. ನಗುತ್ತಲೇ ಅಂದ, ಆದರೆ ಅದು ನಗುವ ಮಾತಾಗಿರಲಿಲ್ಲ.

"ಹುಚ್ಚಪ್ಪ," ಅಂದಳು ಚಿಗವ್ವ. "ಆ ಬುಟ್ಟಿಯೊಳಗ ಯಾರ ಮಲಗ್ಯಾರ ಅಂತ ತಿಳದಿ? ನೀ ಏಳ್ತಿ ಅಂತನ ಆಕಿ ಕುತ್ತಿಗಿ ಹೊಳ್ಳಸ್ತಿದ್ದಿಲ್ಲ."

ನಾನು ಮಹಾದೇವಿಯವರ ಕಡೆ ನೋಡಿದೆ. ಹೌದು ಅನ್ನುವಂತೆ ತಲೆ ಆಡಿಸಿದರು. ಅವರಿಗೆ ಬುಟ್ಟಿ ಅಂದರೆ ತಮ್ಮನನ್ನು ಮಲಗಿಸಿದ ಬುಟ್ಟಿಯೇ. ಬಿಡಿಸಿ ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ನಾನು ರೊಟ್ಟಿ ಬುಟ್ಟಿ ಅಂದುಕೊಂಡು ಬರೆದಿದ್ದೆ.

ಶರಣಪ್ಪ ಬಂದು ನನ್ನ ಕೈಯಿಂದ ಚಿತ್ರ ತೆಗೆದುಕೊಂಡ. ಒಳಗೆ ಹೋಗಿ, ಮರುದಿನದ ಪೂಜೆಗೆಂದು ತಂದೆಯ ಫೋಟೋದ ಪಕ್ಕದಲ್ಲಿ ಇಟ್ಟಿದ್ದ ತಂಬಿಗೆಯನ್ನು ಎತ್ತಿ ನಾಗಮ್ಮನ ಕೈಗೆ ಕೊಟ್ಟು, ಆ ಜಾಗದಲ್ಲಿ ತಾನೇ ಚಿತ್ರ ಇಟ್ಟ. ವಾರೆಯಾಗಿದೆ ಅಂತ ಎರಡು ಸಲ ಸರಿಮಾಡಿದ.

ಒಪ್ಪಿದ ರೇಟಿನಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಮೂರು ಚಿತ್ರದ ದುಡಿಮೆ ಅದು. ಆ ಚಳಿಗಾಲದಲ್ಲಿ ಚಿಗವ್ವನ ಕಣ್ಣು ಪೂರ್ತಿ ಹೋದವು ಅಂತ ಮಹಾದೇವಿ ಫೋನಿನಲ್ಲಿ ತಿಳಿಸಿದರು.

ಈ ಕಸುಬಿಗೆ ಬರುವವರಿಗೆ ನನ್ನ ಸಲಹೆ ಇದು. ಮಾರಾಟಕ್ಕಲ್ಲದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಾರುವ ಕೆಲಸದಲ್ಲಿ ಕೈ ಗಿರಾಕಿಗೆ ಬೇಕಾದ ಹಾಗೆ ಪಳಗಿಬಿಡುತ್ತದೆ, ಅದು ಹಾದಿ ತಪ್ಪಿದಾಗ ತಿದ್ದಲು ನಿಮ್ಮದೇ ಆದದ್ದು ಏನಾದರೂ ಇರಬೇಕು. ಇನ್ನೊಂದು, ಫೋಟೋ ಇಲ್ಲದವರು ಈಗಲೂ ಬರುತ್ತಾರೆ. ನಾನು ಮುಖ ಹೇಗಿತ್ತು ಅಂತ ಕೇಳುವುದಿಲ್ಲ. ನೀವು ಎಲ್ಲಿಂದ ನೋಡುತ್ತಿದ್ದಿರಿ ಅಂತ ಕೇಳುತ್ತೇನೆ. ಹೋದ ವರ್ಷ ವನದುರ್ಗದ ಒಬ್ಬ ಮುದುಕರು "ಅವ್ವನ ತೊಡಿ ಮ್ಯಾಲ ಮಲಗಿ ನೋಡ್ತಿದ್ದೆರಿ" ಅಂದರು. ಅವರ ಅವ್ವನನ್ನು ಗದ್ದದ ಕೆಳಗಿನಿಂದ ಕಂಡ ಹಾಗೆ ಬರೆದುಕೊಟ್ಟೆ.