ಸ್ಟೆಲ್ಲಾ ಟ್ರಂಪೆಟ್ ಊದಿದ ಮಧ್ಯಾಹ್ನ

ಕನ್ನಡಿ ಮುಂದೆ ಕೂತು ಒಬ್ಬ ಹೆಂಗಸು ಕೆನ್ನೆ ಉಬ್ಬಿಸುತ್ತಿದ್ದರು. ಕೆನ್ನೆ ತುಂಬುವ ಮೊದಲೇ ಗಾಳಿ ತುಟಿಯ ಎಡ ತುದಿಯಿಂದ ‘ಪುಸ್’ ಅಂತ ಹೊರಗೆ ಹೋಗುತ್ತಿತ್ತು. ಅವರು ಮತ್ತೆ ಉಬ್ಬಿಸುತ್ತಿದ್ದರು. ಮತ್ತೆ ಪುಸ್.

ಇದು ನಡೆದಿದ್ದು ಶಿವಮೊಗ್ಗದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ನನ್ನ ಭುಜ ಹಿಡಿದುಕೊಂಡಿತ್ತು. (ಐವತ್ತು ದಾಟಿದ ಹೆಂಗಸರಿಗೆ ಇದೆಲ್ಲ ಕಾಮನ್ ಅಂತ ಡಾಕ್ಟರ್ ಹೇಳಿದಾಗ ನನ್ನ ಗಂಡ ಬಹಳ ಗಂಭೀರವಾಗಿ ತಲೆಯಾಡಿಸಿದ್ದರು.) ಗೋಡೆ ಮೇಲೆ ಬೆರಳು ನಡೆಸುತ್ತಾ ಕೈ ಮೇಲೆತ್ತುವುದು ನನ್ನ ಕೆಲಸ. ಪಕ್ಕದಲ್ಲಿ ಕೆನ್ನೆ ಉಬ್ಬಿಸುವುದು ಅವರ ಕೆಲಸ. ಇಂಥ ಕಡೆ ಯಾರು ಯಾರನ್ನ ನೋಡಿ ನಗ್ತಾರೆ?

ಒಂದು ದಿನ ಅವರು ಬ್ಯಾಗಿನಿಂದ ಪುಟ್ಟ ಬಟ್ಟಲಿನಂಥ ಲೋಹದ ವಸ್ತು ತೆಗೆದು ತುಟಿಗಿಟ್ಟು ಊದಿದರು. ಸ್ಟಾರ್ಟ್ ಆಗದ ಹಳೇ ಸ್ಕೂಟರಿನ ಸದ್ದು ಬಂತು.

‘ಏನದು?’ ಅಂದೆ.

‘ಟ್ರಂಪೆಟ್ಟಿನ ಬಾಯಿ ಅಕ್ಕ. ಮಿಕ್ಕಿದ್ದು ಮನೇಲಿದೆ. ಅದನ್ನ ಮುಟ್ಟೋಕೆ ಇನ್ನೂ ಧೈರ್ಯ ಬಂದಿಲ್ಲ.’

ಹೀಗೆ ಪರಿಚಯವಾದವರು ಸ್ಟೆಲ್ಲಾ. ಭದ್ರಾವತಿಯವರು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಕೆಲಸಗಾರರ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರಂತೆ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ರೇಡಿಯೋದಲ್ಲಿ ಜಾಝ್. ಮಗಳು ಮೂರನ್ನೂ ಕಲಿತಳು.

ಈಗ ಅವರದು ಐದು ಜನರ ತಂಡ. ಸ್ಟೆಲ್ಲಾ ಟ್ರಂಪೆಟ್, ತಮ್ಮ ಡೇವಿಡ್ ಸ್ಯಾಕ್ಸಫೋನ್, ಜೊತೆಗೆ ಪಿಯಾನೋ, ಡ್ರಮ್ಸ್, ಮತ್ತು ಮನುಷ್ಯನಷ್ಟೇ ಎತ್ತರದ ಒಂದು ದೊಡ್ಡ ಬೇಸ್ ವಾದ್ಯ. ಹಳೇ ಕಾಲದ ಜಾಝ್ ತಂಡಗಳ ಹಾಗೇ. ಆಲ್ಬಂಗೆ ಎಲ್ಲ ತಯಾರಿ ಮುಗಿದಿತ್ತು. ಹಾಗಿರುವಾಗ ಒಂದು ಬೆಳಗ್ಗೆ ಸ್ಟೆಲ್ಲಾ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದೇ ಕಡೆಯಿಂದ ಸೋರಿತು. ಕನ್ನಡಿ ನೋಡಿಕೊಂಡರೆ ಅರ್ಧ ಮುಖ ಅಲ್ಲಾಡುತ್ತಿಲ್ಲ.

‘ಮುಖದ ನರ ಊದಿಕೊಂಡಿದೆ, ಸರಿಹೋಗುತ್ತೆ ಅಂದ್ರು ಡಾಕ್ಟರು. ಮಾತಾಡಬಹುದು, ಊಟ ಮಾಡಬಹುದು ಅಂದ್ರು. ಟ್ರಂಪೆಟ್ ಊದಬಹುದಾ ಅಂತ ಕೇಳಿದೆ. ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ರು.’

ಬೇರೆ ಯಾರನ್ನಾದರೂ ಕರೆಸಿ ರೆಕಾರ್ಡಿಂಗ್ ಮುಗಿಸಿ ಅಂತ ಸ್ಟೆಲ್ಲಾ ತಾವೇ ತಮ್ಮನಿಗೆ ಹೇಳಿದ್ದರು. ಡೇವಿಡ್ ಒಪ್ಪಲಿಲ್ಲ. ‘ಇನ್ನೊಬ್ಬರು ಬಂದ್ರೆ ಅದು ಬೇರೆ ಐದು ಜನ ಆಗುತ್ತೆ. ನಾವು ಕಾಯ್ತೀವಿ’ ಅಂದರಂತೆ. ಮಿಕ್ಕ ಮೂವರೂ ಕಾದರು. ಮಳೆಗಾಲ ಮುಗಿಯಿತು. ನನ್ನ ಭುಜ ಬಿಟ್ಟುಕೊಂಡಿತು. ಅವರ ‘ಪುಸ್’ ನಿಧಾನವಾಗಿ ನಿಂತಿತು.

ಆಮೇಲೊಂದು ದಿನ ಫೋನು. ‘ಅಕ್ಕ, ಭಾನುವಾರ ರೆಕಾರ್ಡಿಂಗ್. ಬನ್ನಿ. ಆದ್ರೆ ಕೆಮ್ಮಬಾರದು.’

ನಮ್ಮನೆಯಲ್ಲಿ ಸಂಗೀತ ಅಂದರೆ ಕಛೇರಿ, ತಂಬೂರಿ, ಕೊನೆಗೊಂದು ಮಂಗಳ. ಜಾಝ್ ಅಂದರೆ ನನ್ನ ಮಟ್ಟಿಗೆ ದೊಡ್ಡ ಹೋಟೆಲಿನ ಲಿಫ್ಟಿನಲ್ಲಿ ಕೇಳಿಸುವ ಏನೋ ಒಂದು. ಆದರೂ ಗಂಡನನ್ನೂ ಹೊರಡಿಸಿಕೊಂಡು ಬಸ್ ಹತ್ತಿದೆ.

ಭದ್ರಾವತಿಯ ಹಳೇ ಕ್ವಾರ್ಟರ್ಸ್ ಪಕ್ಕದ ಒಂದು ಹಾಲ್. ಎತ್ತರದ ಚಾವಣಿ. ಸದ್ದಾಗುತ್ತದೆ ಅಂತ ಫ್ಯಾನ್ ಎಲ್ಲ ಆಫ್. ಐದೂ ಜನ ಒಬ್ಬರಿಗೊಬ್ಬರು ಕಾಣುವ ಹಾಗೆ ಅರ್ಧ ಸುತ್ತಿನಲ್ಲಿ ಇದ್ದರು. ಒಟ್ಟಿಗೆ ನುಡಿಸುವುದು, ಒಟ್ಟಿಗೇ ಮುಗಿಸುವುದು. ತಪ್ಪಾದರೆ ಮೊದಲಿಂದ. ರೆಕಾರ್ಡ್ ಮಾಡಲು ಬೆಂಗಳೂರಿನಿಂದ ಬಂದಿದ್ದ ಕಿರಣ್ ಕಂಪ್ಯೂಟರ್ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ.

ಶುರುವಾಯಿತು. ಕಾಲು ಗಂಟೆಯೊಳಗೆ ನನಗೇ ಆಶ್ಚರ್ಯ. ಇದರಲ್ಲಿ ತಿಳಿಯದಿರುವುದು ಏನಿದೆ? ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ, ನಮ್ಮ ಪಲ್ಲವಿ ಇದ್ದ ಹಾಗೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಬೆಳೆಸುತ್ತಾರೆ, ಅದೂ ಅಲ್ಲೇ, ಆಗಲೇ ಹುಟ್ಟಿಸಿಕೊಂಡು. ಕೊನೆಗೆ ಎಲ್ಲರೂ ಪಲ್ಲವಿಗೆ ಬಂದು ಸೇರುತ್ತಾರೆ. ಡ್ರಮ್ಸಿನವರ ಸರದಿ ಬಂದಾಗ ನನ್ನ ಗಂಡ ತೊಡೆ ಮೇಲೆ ತಾಳ ಹಾಕಲು ಶುರು ಮಾಡಿದರು. (ನಾನು ಕೈ ಹಿಡಿದು ನಿಲ್ಲಿಸಿದೆ. ಮೈಕ್ ಇತ್ತು.)

ಕಷ್ಟ ಬಂದಿದ್ದು ನಿಧಾನ ಗತಿಯ ಒಂದು ತುಣುಕಿನಲ್ಲಿ. ಅಪ್ಪನ ನೆನಪಿಗೆ ಸ್ಟೆಲ್ಲಾ ತಾವೇ ಕಟ್ಟಿದ್ದು. ನಡುವೆ ಟ್ರಂಪೆಟ್ ಮೇಲೆ ಮೇಲೆ ಹತ್ತಿ ಒಂದು ಎತ್ತರದ ಸ್ವರದಲ್ಲಿ ನಿಲ್ಲಬೇಕು. ಹತ್ತಿತು. ನಿಲ್ಲಲಿಲ್ಲ. ತುಟಿ ಕೈಕೊಟ್ಟಿತು. ಕ್ಲಿನಿಕ್ಕಿನ ಅದೇ ‘ಪುಸ್’.

ಮತ್ತೆ ಮೊದಲಿಂದ. ಮತ್ತೆ ಅಲ್ಲೇ. ಸ್ಟೆಲ್ಲಾ ಟ್ರಂಪೆಟ್ ಕೆಳಗಿಳಿಸಿ ಗೋಡೆ ಕಡೆ ತಿರುಗಿ ನಿಂತರು. ನನಗೆ ಎದ್ದು ಹೋಗಿ ಬೆನ್ನು ಸವರಬೇಕು ಅನ್ನಿಸಿತು. ಆದರೆ ತಂಡದ ನಾಲ್ವರಲ್ಲಿ ಯಾರೂ ಕದಲಲಿಲ್ಲ. ನಾನೂ ಕೂತೇ ಇದ್ದೆ.

ಕಿರಣ್ ಮೆಲ್ಲಗೆ ಹೇಳಿದ: ‘ಮೇಡಂ, ಆ ಒಂದು ಸ್ವರ ನಾಳೆ ಬೇರೆಯಾಗಿ ಊದಿಕೊಡಿ. ನಾನು ಕಂಪ್ಯೂಟರಲ್ಲಿ ಕೂರಿಸ್ತೀನಿ. ಯಾರಿಗೂ ಗೊತ್ತಾಗಲ್ಲ.’

‘ಈ ನಾಲ್ಕು ಜನಕ್ಕೆ ಗೊತ್ತಾಗುತ್ತೆ ಕಿರಣ್’ ಅಂದರು ಸ್ಟೆಲ್ಲಾ.

‘ನಾನು ಸ್ಯಾಕ್ಸ್‌ನಲ್ಲಿ ಆ ಭಾಗ ತಗೊಳ್ಳಲಾ ಅಕ್ಕ?’ ಅಂದರು ಡೇವಿಡ್.

ಸ್ಟೆಲ್ಲಾ ನೀರು ಕುಡಿದರು. ಈ ಸಲ ಒಂದು ತೊಟ್ಟೂ ಸೋರಲಿಲ್ಲ. ‘ಬೇಡ. ನಾನು ಮೇಲೆ ಹೋಗಲ್ಲ. ಕೆಳಗೇ ಇರ್ತೀನಿ. ನೀವು ನನ್ನ ಜೊತೆ ಬನ್ನಿ’ ಅಂದರು.

ಮತ್ತೆ ಶುರು. ಟ್ರಂಪೆಟ್ ಏರುತ್ತಾ ಬಂದು ಆ ಜಾಗದಲ್ಲಿ ಏರಲಿಲ್ಲ. ತಿರುಗಿ ಮೆಟ್ಟಿಲಿಳಿದ ಹಾಗೆ ಇಳಿಯಿತು. ದನಿ ಉಸಿರಿನಷ್ಟು ಮೆತ್ತಗಾಯಿತು. ಪಿಯಾನೋ ಬಾರಿಸುತ್ತಿದ್ದವರು ಒಂದು ಗಳಿಗೆ ಕೈ ತಡೆದು, ದನಿ ತಗ್ಗಿಸಿ ಹಿಂದೆ ಬಂದರು. ಡ್ರಮ್ಸಿನವರು ಕೋಲು ಕೆಳಗಿಟ್ಟು, ಮೆಲ್ಲಗೆ ಸವರಿ ನುಡಿಸುವ ಬ್ರಷ್ ಎತ್ತಿಕೊಂಡರು. ಡೇವಿಡ್ ತಮ್ಮ ಸರದಿಯನ್ನೇ ಬಿಟ್ಟರು, ಅಕ್ಕನಿಗೆ ಇನ್ನೂ ಹೇಳುವುದಿದೆ ಅಂತ. ನಾನು ಅಳುತ್ತಿದ್ದೆ, ಮೂಗು ಏರಿಸಿಕೊಳ್ಳದೆ ಅಳುವುದು ಎಷ್ಟು ಕಷ್ಟ ಗೊತ್ತಾ? ಎತ್ತರದ ಸ್ವರ ಬಂದಿದ್ದರೆ ನಾನು ಚಪ್ಪಾಳೆ ತಟ್ಟಬೇಕು ಅಂದುಕೊಳ್ಳುತ್ತಿದ್ದೆ, ಅಷ್ಟೆ.

ಮುಗಿಯಿತು. ‘ಇದೇ ಇರಲಿ’ ಅಂದರು ಸ್ಟೆಲ್ಲಾ. ಆಲ್ಬಂನಲ್ಲಿ ಇರುವುದು ಅದೇ.

ಕಳೆದ ವಾರ ಆಲ್ಬಂ ಹೊರಬಂತು. ನಾವು ಮನೆಯಲ್ಲಿ ಅದನ್ನೇ ಹಾಕಿಕೊಂಡು ಕೂತಿದ್ದಾಗ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಗಂಡನ ಗೆಳೆಯರು ಬಂದರು. ಪಾಶ್ಚಾತ್ಯ ಸಂಗೀತ ಬಲ್ಲವರು. ಕಾಫಿ ಕುಡಿಯುತ್ತಾ ಪೂರ್ತಿ ಕೇಳಿದರು.

‘ಬಹಳ ಚೆನ್ನಾಗಿದೆ. ಆದ್ರೆ ಹಳೇ ಶೈಲಿ ಅಲ್ವಾ? ನಮ್ಮಪ್ಪನ ಕಾಲದಲ್ಲೇ ಹೀಗೆ ನುಡಿಸ್ತಿದ್ರು. ಹೊಸದೇನಿದೆ ಇದರಲ್ಲಿ?’

‘ನೀವು ಕಛೇರಿಗೆ ಹೋದಾಗ ಕಲ್ಯಾಣಿ ರಾಗ ಹಾಡಿದ್ರೆ ಇದರಲ್ಲಿ ಹೊಸದೇನಿದೆ ಅಂತ ಕೇಳ್ತೀರಾ?’ ಅಂದೆ. ಅವರು ನಕ್ಕು ಇನ್ನೊಂದು ಲೋಟ ಕಾಫಿ ಕೇಳಿದರು. ಒಳ್ಳೆಯವರು.

ಅವರು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಳೆಯದರಲ್ಲಿ ಬೇರು ಬಿಟ್ಟು ನಿಲ್ಲುವುದೂ ಒಂದು ಧೈರ್ಯ. ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಹಿಂದೆ ಎಷ್ಟೋ ಜನ ಚೆನ್ನಾಗಿ ನಡೆದ ದಾರಿಯಲ್ಲಿ ನಿಮ್ಮ ನಡಿಗೆ ಎಲ್ಲರಿಗೂ ಕಾಣುತ್ತದೆ, ಕುಂಟಿದರೂ ಕಾಣುತ್ತದೆ. ಸ್ಟೆಲ್ಲಾ ಆ ದಾರಿಯಲ್ಲೇ, ಈಗಿರುವ ತುಟಿಯಲ್ಲೇ ನಡೆದರು.

ಐದು ಜನ ಒಂದು ಕೋಣೆಯಲ್ಲಿ ಸೇರಿ, ಒಬ್ಬರು ಹೇಳಿ ಮುಗಿಸುವವರೆಗೆ ಮಿಕ್ಕ ನಾಲ್ವರು ಕಿವಿಗೊಟ್ಟು ಕಾಯುವುದು ಹಳೇ ಶೈಲಿ ಅನ್ನುವುದಾದರೆ, ನಿಮ್ಮ ಮನೆಯ ಹಾಲ್‌ನಲ್ಲಿ ಅದು ಕೊನೆಯ ಸಲ ನಡೆದಿದ್ದು ಯಾವಾಗ?