ಸೂಜಿ ಕಸಿಯುತ್ತಿದ್ದ ಟೇಮರ್

ಯಾರ್ಕ್‌ಷೈರ್‌ನ ಡೆಂಟ್ ಕಣಿವೆಯಲ್ಲಿ ಕೈ ಸುಮ್ಮನಿಟ್ಟುಕೊಂಡ ಹೆಂಗಸನ್ನು ಕಂಡವರಿಲ್ಲ. ದನ ಅಟ್ಟುವಾಗಲೂ ಸಂತೆಗೆ ನಡೆಯುವಾಗಲೂ ಉಣ್ಣೆಯ ಕಾಲುಚೀಲ ಹೆಣೆಯುತ್ತಲೇ ಇರುತ್ತಿದ್ದರು. ಅಂಥವರು ಕಟ್ಟಿಕೊಂಡ ಸಹಾಯ ಸಂಘದಲ್ಲಿ ಟೇಮರ್ ಆಲ್ಡರ್ಸನ್ ಇಪ್ಪತ್ತೆರಡು ವರ್ಷ ರೋಗಿಗಳನ್ನು ನೋಡಿ ಬರುವ ಕೆಲಸ ಮಾಡಿದಳು.

ಹಾಸಿಗೆ ಹಿಡಿದವಳಿಗೆ ಸಂಘ ವಾರವಾರ ನೆರವು ಕಳಿಸುತ್ತಿತ್ತು. ಸತ್ತರೆ ಸದಸ್ಯೆಯರೆಲ್ಲ ಬಿಳಿ ಕೈಗವಸು ತೊಟ್ಟು ಹೊತ್ತೊಯ್ಯುತ್ತಿದ್ದರು. ಆದರೆ ನೆರವು ಪಡೆಯುವಾಗ ಕೆಲಸ ಮುಟ್ಟಿದರೆ ಸಂಘದ ಪಟ್ಟಿಯಿಂದ ಹೆಸರು ಹೋಯಿತೆಂದೇ ಲೆಕ್ಕ.

ಒಂದು ಚಳಿಗಾಲ ಎದೆಬೇನೆಯಿಂದ ಮಲಗಿದ್ದ ವಿಧವೆ ಫೀಬಿಯ ತಲೆದಿಂಬಿನಡಿ ಅರ್ಧ ಕಾಲುಚೀಲ ಕಂಡಿತು. ಟೇಮರ್ ಕೊನೆಯ ಸಾಲಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿ ಬಂದಳು. ಮೂರು ದಿನ ಬಿಟ್ಟು ಹೋದರೆ ಹೆಣಿಗೆ ದಾರ ದಾಟಿ ನಾಲ್ಕು ಬೆರಳು ಬೆಳೆದಿದೆ!

“ಏನೇ ಫೀಬಿ, ದೆವ್ವ ಏನಾದ್ರೂ ಬಂದು ಹೆಣದು ಹೋಗ್ತದಾ?”

“ನಮ್ಮವ್ವನಾಣೆ ಟೇಮರಕ್ಕಾ, ನಾ ಮುಟ್ಟಿಲ್ಲ. ಹೆಸರು ಹೊಡೆದುಬಿಟ್ರೆ ನನ್ನ ಹೊರೋರು ಯಾರೇ? ಬಡವರ ಗುಂಡಿಗೆ ಉರುಳಿಸಿಬಿಡ್ತಾರೆ.”

ಸುಳ್ಳಾಡುವವರ ಕಣ್ಣು ಬಾಗಿಲ ಕಡೆ ಓಡುತ್ತದೆ. ಫೀಬಿಯ ಕಣ್ಣು ಕಾಲುಚೀಲದ ಮೇಲೇ ಬೆರಗಾಗಿ ನಿಂತಿತ್ತು. ಟೇಮರ್‌ಗೆ ತಲೆಯೊಳಗೆ ಹುಳ ಹೊಕ್ಕಂತಾಯಿತು. ಮನೆಗೆ ಹೋಗದೆ ಒಲೆಯ ಮಗ್ಗುಲಲ್ಲಿ ಕೂತೇ ಬಿಟ್ಟಳು. ಮಧ್ಯಾಹ್ನ ಫೀಬಿಗೆ ಜ್ವರದ ಮಂಪರು ಕವಿಯಿತು. ಅವಳ ಕೈ ತಾನಾಗಿ ದಿಂಬಿನಡಿ ನುಸುಳಿತು. ಕಣ್ಣು ಮುಚ್ಚಿದ ಹಾಗೇ ಸೂಜಿ ಟಿಕಟಿಕ ಶುರುವಾಯಿತು. ಒಂದು ಕುಣಿಕೆಯೂ ತಪ್ಪಲಿಲ್ಲ.

ಕಂಡದ್ದನ್ನು ಬಚ್ಚಿಡುವ ಹೆಂಗಸಲ್ಲ ಅವಳು. ಛತ್ರದ ಅಟ್ಟದಲ್ಲಿ ಸಭೆ ಸೇರಿದಾಗ ಎಲ್ಲವನ್ನೂ ಹೇಳಿದಳು. ಅಧ್ಯಕ್ಷೆ ಹನ್ನಾ ಒಪ್ಪಲಿಲ್ಲ.

“ನಿದ್ದೇಲಿ ಮಾಡಿದ್ರೂ ಕೆಲಸ ಕೆಲಸಾನೇ. ಹೆಸರು ಹೊಡೀರಿ.”

“ಹೊಡಿಯವ್ವಾ ತಾಯಿ,” ಅಂದಳು ಟೇಮರ್. “ಸಭೇಲಿ ಕೂತು ಕೆಲಸ ಮಾಡಿದೋರ ಹೆಸರೂ ಹೊಡೀಬೇಕು ಅಂತ ನೀನೇ ಅಲ್ವಾ ನಿಯಮ ಓದಿದ್ದು? ಎಲ್ಲಾರೂ ಒಂದ್ಸಲ ಮಡಿಲು ನೋಡ್ಕೊಳ್ಳಿ.”

ಮೂವತ್ತು ಜೋಡಿ ಸೂಜಿಗಳ ಸದ್ದು ಗಪ್ಪೆಂದು ನಿಂತಿತು. ಹನ್ನಾಳ ಕೈಯಲ್ಲೇ ಕಾಲುಚೀಲದ ಹಿಮ್ಮಡಿ ಮುಕ್ಕಾಲು ಸಿದ್ಧವಾಗಿತ್ತು.

“ಅಯ್ಯೋ ದೇವರೇ, ಇದ್ಯಾವಾಗ ಬಂತೇ ನನ್ನ ಕೈಗೆ!”

ಅಟ್ಟ ಅದುರುವಂತೆ ನಕ್ಕರು. ಫೀಬಿಯ ಹೆಸರು ಉಳಿಯಿತು. ಅಂದಿನಿಂದ ಹೊಸ ನಿಯಮವೊಂದು ಬಂತು: ರೋಗಿಯ ಮನೆಗೆ ಹೋದವಳು ಆರೋಗ್ಯ ವಿಚಾರಿಸುವ ಮೊದಲು ಸೂಜಿ ಕಸಿಯಬೇಕು. ಟೇಮರ್ ಕಸಿದ ಸೂಜಿಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಊರೆಲ್ಲ ಝಣಝಣ ಎನ್ನಿಸುತ್ತ ನಡೆಯುತ್ತಿದ್ದಳು.

ಎಪ್ಪತ್ತೊಂದನೆಯ ವಯಸ್ಸಿಗೆ ಟೇಮರ್ ತಾನೇ ಮಲಗಿದಳು. ನೋಡಲು ಬಂದವಳು, ಈಗ ಗಟ್ಟಿಮುಟ್ಟಾಗಿದ್ದ ಫೀಬಿ. ನಿಯಮದಂತೆ ಮೊದಲು ಸೂಜಿ ಕಸಿದುಕೊಂಡಳು. ಟೇಮರ್ ಬೈದಳು, ಆಮೇಲೆ ನಿದ್ದೆಹೋದಳು. ಎದ್ದು ಹೊರಟ ಫೀಬಿ ಯಾಕೋ ತಿರುಗಿ ನೋಡಿದಳು. ಕಂಬಳಿಯ ಮೇಲೆ ಮುದುಕಿಯ ಬರಿಗೈ ಬೆರಳುಗಳು ಹೆಣೆಯುವಂತೆ ಒಂದೇ ಸಮನೆ ಆಡುತ್ತಿದ್ದವು. ಫೀಬಿ ಬಾಗಿಲು ಮುಚ್ಚಿ ಮತ್ತೆ ಬಂದು ಕೂತಳು, ಆ ಕಾಲುಚೀಲ ಎಲ್ಲಿಯವರೆಗೆ ಬಂದಿದೆಯೆಂದು ನೋಡಲು.