ನಬೀಸಾಬರು ತಂತಿ ಹಾಕಿರಲಿಲ್ಲ

೧೯೩೧ರಲ್ಲಿ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ನಿಮ್ಮ ಕೈಕೆಳಗೆ, ನಬೀಸಾಬ್ ಉಸ್ತಾದರೇ — ನಿಮ್ಮ ಮೇಲೆಯೇ ಸುಳ್ಳು ಹೇಳಿದೆ. ಡಾಕ್ಟರ ಫಟಫಟಿಯ ಕಾರ್ಬ್ಯುರೇಟರಿನಲ್ಲಿ ನೀವು ತಂತಿ ಹಾಕಿರಲಿಲ್ಲ. ಆ ಗಾಡಿ ನಿಂತು ನಿಂತು ಹೋಗಿದ್ದು ನನ್ನಿಂದ. ಏಳು ವರ್ಷ ಇದನ್ನು ನುಂಗಿಕೊಂಡು ದುಡಿದೆ; ಇನ್ನು ಆಗುತ್ತಿಲ್ಲ.

ನಿಮಗೆ ನೆನಪಿರಬೇಕು. ಯುದ್ಧದ ಕಾಲ, ಪೆಟ್ರೋಲು ರೇಷನ್ ಚೀಟಿಯ ಮೇಲೆ. ಕುಷ್ಟಗಿಯ ಡಾಕ್ಟರು ಹೊಟ್ಟಿನ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಫಟಫಟಿ ಮೋಟಾರ್ ಸೈಕಲ್ಲನ್ನು ಬಂಡಿಯ ಮೇಲೆ ಹೇರಿಸಿ, ಕೊಪ್ಪಳದ ನಮ್ಮ ಸಾವಕಾರರ ಬಸ್ ಶೆಡ್ಡಿಗೆ ಕಳಿಸಿದ್ದರು. ತಾವರಗೇರಾ ಕಡೆಯಿಂದ ಹೆರಿಗೆಗೆ ಕರೆ ಬಂದರೆ, ಎತ್ತಿನ ಬಂಡಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ — ಎಂದು ಹೇಳಿ ಅವರು ಅಲ್ಲಿಗೇ ನಿಲ್ಲಿಸಿದ್ದರು. ಎಂಜಿನ್ನು, ಕಾರ್ಬ್ಯುರೇಟರು ನಿಮ್ಮ ಪಾಲಿನ ಕೆಲಸ. ಪೆಟ್ರೋಲಿನ ಟಾಕಿ, ತಗಡು, ಬೆಸುಗೆ ನನ್ನದು.

ಬೆಸುಗೆಯಲ್ಲಿ ನನಗೆ ಸೊಕ್ಕಿತ್ತು. ತುಕ್ಕು ತಿಂದ ಟಾಕಿಯ ತಳವನ್ನು ನಾನು ಬೆಸೆದದ್ದು ನೋಡಿ ನೀವು ನಕ್ಕಿರಿ. “ಯಮನಪ್ಪಾ, ನಿನ್ನ ಕೈಯಾಗ ಕೊಳಲ ಕೊಟ್ರ ಅದರ ತೂತೂ ಮುಚ್ಚತೀಯಲೇ.” ನನಗೆ ಅದು ಶಾಬಾಸ್ ಅಂದ ಹಾಗೇ ಕೇಳಿಸಿತು. ಮರುದಿನ ಟಾಕಿಯ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಒಂದು ಹನಿಯೂ ಹಾಳಾಗಬಾರದೆಂದು ಡಾಕ್ಟರು ಹೇಳಿದ್ದರು. ಅದನ್ನೂ ಬೆಸೆದೆ, ಹೊಳೆಯುವಂತೆ ಉಜ್ಜಿದೆ. ನೀವು ನೋಡಲಿಲ್ಲ, ನಾನು ಹೇಳಲೂ ಇಲ್ಲ.

ಫಟಫಟಿ ಒಂದೇ ಒದೆತಕ್ಕೆ ಎದ್ದಿತು. ಹಿಟ್ನಾಳದ ದಾರಿಯಲ್ಲಿ ಎರಡು ಮೈಲು ಹೋಗಿ ನಿಂತಿತು. ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲು ಇದೆ; ಮುಚ್ಚಿ ಒದ್ದರೆ ಮತ್ತೆ ಹೊರಡುತ್ತದೆ; ಎರಡು ಮೈಲಿಗೆ ಮತ್ತೆ ಅದೇ ಹಾಡು. ನಾಲ್ಕು ದಿನ, ನಾಲ್ಕು ಸಲ ನೀವು ಕಾರ್ಬ್ಯುರೇಟರು ಬಿಚ್ಚಿದಿರಿ. ಒಳಗಿನ ತೇಲುಡಬ್ಬಿಯನ್ನು ಬಿಸಿನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ನೋಡಿದಿರಿ. ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆಯ ಜೆಟ್ಟನ್ನು ಟಾಂಗಾ ಕುದುರೆಯ ಬಾಲದ ಕೂದಲಿನಿಂದ ಸ್ವಚ್ಛ ಮಾಡಿದಿರಿ. ತಂತಿ ಹಾಕಿದರೆ ಅದರ ತೂತು ಅಗಲವಾಗುತ್ತದೆ, ತಂತಿ ಹಾಕುವವನು ಮೇಸ್ತ್ರಿಯೇ ಅಲ್ಲ — ಇದನ್ನು ನನಗೆ ಕಲಿಸಿದವರೂ ನೀವೇ.

ಐದನೆಯ ದಿನ ಬೆಳಿಗ್ಗೆ ನಾನೊಬ್ಬನೇ ಹೋದೆ. ನಿಂತಿತು. ಮುಚ್ಚಳ ತಿರುಗಿಸಿದೆ — ಟಾಕಿ ಸುಯ್ಯೆಂದು ಗಾಳಿ ಎಳೆದುಕೊಂಡಿತು. ಆಗ ತಿಳಿಯಿತು. ನಾನು ಮುಚ್ಚಿದ್ದು ಸೋರುವ ತೂತಲ್ಲ. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗಲೆಂದು ಮಾಡಿಟ್ಟ ತೂತು. ದಬ್ಬಣದಿಂದ ಬೆಸುಗೆ ಚುಚ್ಚಿದೆ. ಫಟಫಟಿ ಎಲ್ಲೂ ನಿಲ್ಲದೆ ಕೊಪ್ಪಳ ಮುಟ್ಟಿತು.

ಶೆಡ್ಡಿನಲ್ಲಿ ಸಾವಕಾರರು, ಡಾಕ್ಟರು, ಡ್ರೈವರರು, ನೀವು. ಏನಾಗಿತ್ತೆಂದು ಸಾವಕಾರರು ಕೇಳಿದರು. ನಿಜ ಹೇಳಬೇಕೆಂದೇ ದಾರಿಯುದ್ದಕ್ಕೂ ಬಂದಿದ್ದೆ — ಹೌದೇ? ಈಗ ಗೊತ್ತಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನೆಂದು ನನ್ನನ್ನು ಆಡಿಕೊಂಡವರೆಲ್ಲ ಅಲ್ಲಿದ್ದರು.

“ಉಸ್ತಾದ್ರು ಜೆಟ್ಟಿನಾಗ ತಂತಿ ಹಾಕ್ಯಾರ್ರಿ. ತೂತು ಅಗಲ ಆಗಿತ್ತು. ನಾ ಬ್ಯಾರೇದು ಹಾಕೀನಿ.”

ನೀವು ಕೈ ಒರೆಸಿಕೊಳ್ಳುತ್ತಿದ್ದಿರಿ. “ನೀ ನೋಡಿದೇನಪಾ?” ಎಂದಿರಿ.

“ನೋಡೀನಿ,” ಎಂದೆ.

ಆ ಜೆಟ್ಟು ತೆಗೆದು ತೋರಿಸೆಂದು ನೀವು ಕೇಳಬಹುದಿತ್ತು. ಕೇಳಲಿಲ್ಲ. ನಾನು ನೋಡಿದೆ ಎಂದ ಮೇಲೆ, ನಿಮಗೆ ನಿಮ್ಮ ಕಣ್ಣಿನ ಮೇಲೆಯೇ ಅನುಮಾನ ಬಂತೋ ಏನೋ — ಇದೇ ನನ್ನನ್ನು ಹೆಚ್ಚು ತಿಂದದ್ದು.

ಸಾವಕಾರರು ಮೆತ್ತಗೆ ಹೇಳಿದರು. “ಕಣ್ಣು ಮಂಜಾಗ್ಯಾವ ನಿಮ್ಮವು, ನಬೀಸಾಬ್. ನಾಳಿಂದ ಗಾಡಿ ತೊಳಿಯೂದು ನೋಡ್ಕೋರಿ.”

ನೀವು ತೊಳೆಯಲು ಬರಲಿಲ್ಲ. ಕಾರ್ಬ್ಯುರೇಟರಿನ ಕೆಲಸ ನನ್ನ ಪಾಲಿಗೆ ಬಂತು.

ಮೊನ್ನೆ ಗಂಗಾವತಿಯ ಡ್ರೈವರನೊಬ್ಬ ಹೇಳಿದ — ನೀವು ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುತ್ತೀರಂತೆ, ಬಿಚ್ಚಲು ಮಾತ್ರ ಕೊಡುವುದಿಲ್ಲವಂತೆ. “ತಂತಿ ನಬೀಸಾಬ್ ಅಂದ್ರ ಎಲ್ಲಾರಿಗೂ ಗೊತ್ತು,” ಎಂದು ನಕ್ಕ. ಅವನ ಜೊತೆ ನಾನೂ ನಕ್ಕೆ, ಉಸ್ತಾದರೇ. ರೂಢಿಯಾಗಿಬಿಟ್ಟಿದೆ.

ನಿಮಗೆ ಕನ್ನಡ ಓದಲು ಬಾರದು. ನನಗೆ ಉರ್ದು ಬರೆಯಲು ಬಾರದು — ಐದನೇ ಇಯತ್ತೆಯಿಂದ ಎಲ್ಲ ಉರ್ದು ಎಂದೇ ಶಾಲೆ ಬಿಟ್ಟಿದ್ದೆ. ಹಾಗಾಗಿ ಈ ಕಾಗದವನ್ನು ಮತ್ತೊಬ್ಬರು ನಿಮಗೆ ಓದಿ ಹೇಳಬೇಕು. ಗುಟ್ಟಾಗಿ ಓದಿಸಬೇಡಿರಿ. ಗಿರಣಿಯ ಅಂಗಳದಲ್ಲಿ, ಹಮಾಲರು, ಬಂಡಿಯವರು ಕೂತಿರುವಾಗ ಗಟ್ಟಿಯಾಗಿ ಓದಿಸಿರಿ. ಇಲ್ಲಿ ಶೆಡ್ಡಿನಲ್ಲಿ, ಸಾವಕಾರರ ಮುಂದೆ, ಬರುವ ಸೋಮವಾರ ನಾನೇ ಓದುತ್ತೇನೆ. ಆಮೇಲೆ ಅವರು ನನ್ನನ್ನು ಇಟ್ಟುಕೊಳ್ಳಲಿಕ್ಕಿಲ್ಲ. ಮಾಫಿ ಮಾಡಿರೆಂದು ಕೇಳಲು ನನಗೆ ಬಾಯಿಲ್ಲ.

ಈಗ ನನ್ನ ಬಳಿ ಇರುವುದು: ಒಂಬತ್ತು ಪಾನಾ, ಎರಡು ಸುತ್ತಿಗೆ, ಮೂರು ಅರ, ಎರಡು ಜೊತೆ ಬಟ್ಟೆ, ಸೋಮವಾರದ ತನಕ ಒಂದು ಕೆಲಸ.